ಎಡಗಡೆಯ ಹೂವಿಗೆ ಮೆತ್ತಿದ ಗಂಧ

ಮಾರಮ್ಮನ ಎಡಗಡೆಯ ಹೂವಿಗೆ ಗಂಧ ಮೆತ್ತಿ ಅಂಟಿಸಿದವನು ನಾನು. ಬೀಳಬಾರದೆಂದೇ ಅಂಟಿಸಿದೆ. ಅದು ಬೀಳಲೂ ಇಲ್ಲ — ಎರಡು ದಿನ.

ಇಷ್ಟನ್ನು ಹೇಳುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಹೇಳಿದ ಮೇಲೂ ಯಾಕೆ ಬರೆಯುತ್ತಿದ್ದೇನೆಂದರೆ, ಬಾಯಲ್ಲಿ ಹೇಳಲು ಹೊರಟರೆ ನಾನು ಗೆದ್ದುಬಿಡುತ್ತೇನೆ. ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ, ಆಮೇಲೆ ‘ಆದರೆ’ ಎನ್ನುತ್ತೇನೆ, ಆ ‘ಆದರೆ’ಯ ಬೆನ್ನಿಗೆ ಇನ್ನೆರಡು ‘ಆದರೆ’ಗಳು ಬರುತ್ತವೆ, ಕೊನೆಗೆ ಎದುರಿಗೆ ಕೂತವರೇ ನನ್ನ ಹತ್ತಿರ ಕ್ಷಮೆ ಕೇಳಿ ಎದ್ದು ಹೋಗುತ್ತಾರೆ. ಹೀಗೆ ಎಷ್ಟೋ ಸಲ ಆಗಿದೆ. ಪಾಂಡವಪುರದಲ್ಲಿ ಓದುತ್ತಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಒಂದೇ ವಾರದಲ್ಲಿ ಮೊಬೈಲು ವರವೆಂದು ಒಂದು ಬಹುಮಾನ, ಶಾಪವೆಂದು ಇನ್ನೊಂದು ಬಹುಮಾನ ಗೆದ್ದು, ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದವನು ನಾನು. ಚೀಲದೊಳಗೆ ಅವೆರಡೂ ಜಗಳವಾಡಲಿಲ್ಲ. ಆಗಲೇ ನನ್ನ ಮೇಲೆ ನನಗೆ ಸಂಶಯ ಬರಬೇಕಿತ್ತು —

ಬರಲಿಲ್ಲ. ಸಂಶಯವೆಲ್ಲ ಬೇರೆಯವರ ಮೇಲೆ ಖರ್ಚಾಗುತ್ತಿತ್ತು.

ನಾನು ಅನ್ಯಾಯ ಮಾಡಿದ್ದು ನನ್ನ ಸೋದರಮಾವ ನಿಂಗಣ್ಣನಿಗೆ. ಮಾವನದು ಹುಲ್ಲಿನ ಲಾರಿ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಾದ ಮೇಲೆ ಹುಲ್ಲು ಮಿಗುತ್ತದೆ. ಅತ್ತ ನಾಗಮಂಗಲದ ಕಡೆ, ಕೆ.ಆರ್.ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಕಡೆ ಹಾಲು ಕರೆಯುವ ಮನೆಗಳಲ್ಲಿ ಹುಲ್ಲು ಸಾಲುವುದಿಲ್ಲ. ಈ ಮಿಗುವುದಕ್ಕೂ ಸಾಲದುದಕ್ಕೂ ನಡುವೆ ಇಪ್ಪತ್ತೈದು ವರ್ಷದಿಂದ ಓಡಾಡಿಕೊಂಡಿದ್ದವರು ಅವರು. ಹುಲ್ಲಿನ ಲೋಡನ್ನು ನೀವು ನೋಡಿರುತ್ತೀರಿ — ಲಾರಿ ಕಾಣುವುದಿಲ್ಲ, ಒಂದು ಬಣವೆಯೇ ಎದ್ದು ರಸ್ತೆಗೆ ಬಂದ ಹಾಗೆ. ಅದರ ನೆತ್ತಿಯ ಮೇಲೆ ಒಬ್ಬ ಉದ್ದನೆಯ ಕವೆಗೋಲು ಹಿಡಿದು ಕೂತಿರುತ್ತಾನೆ. ಅಡ್ಡ ಬರುವ ಕೇಬಲ್ಲು, ತಂತಿಗಳನ್ನು ಆ ಕೋಲಿನಿಂದ ಎತ್ತಿ ಲಾರಿಯನ್ನು ದಾಟಿಸುವುದು ಅವನ ಕೆಲಸ.

ಮಾವ ದಾರಿ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಬೇರೆ ಲಾರಿಯವರು ಅವರನ್ನು ಕೇಳುತ್ತಿದ್ದರು. ಮಾವನ ದಾರಿಗಳೆಲ್ಲ ಮರಗಳ ಮೇಲೆ ನಿಂತಿದ್ದವು. “ಜೋಡಿ ಬೇವಿನ ತಾವು ಎಡಕ್ಕೆ ಇಡ್ಕೊ. ಸೀಳೋಗಿರೋ ಆಲದ ಮರ ಸಿಕ್ತದೆ, ಅಲ್ಲಿ ಬಲಕ್ಕೆ. ಆಮೇಲೆ ಅರಳಿ ಕಟ್ಟೇಲಿ ಯಾರ್ನೂ ಕೇಳ್ಬೇಡ, ಕೇಳುದ್ರೆ ತಪ್ಪು ಯೋಳ್ತರೆ.” ಆಮೇಲೆ ರಸ್ತೆಗಳು ಅಗಲವಾದವು. ಜೋಡಿ ಬೇವು ಹೋಯಿತು, ಸೀಳಿದ ಆಲ ಹೋಯಿತು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಹೊಸದಾದ ಮೇಲೆ ಒಂದು ದಿನ ಮಾವನಿಗೆ ಇಳಿಯುವ ಕವಲು ತಪ್ಪಿ, ತಿರುಗಿಸಲು ಜಾಗವೇ ಸಿಗದೆ, ಹುಲ್ಲಿನ ಸಮೇತ ಮೈಸೂರಿನ ಬಾಗಿಲವರೆಗೂ ಹೋಗಿ ಬಂದರು. ಮನೆಗೆ ಬಂದಾಗ ಜಯತ್ತೆ — ಮಾವನ ಹೆಂಡತಿ — ಜಗಲಿಯಿಂದಲೇ ಕೇಳಿದರು: “ಉಲ್ಗೆ ಅರಮನೆ ತೋರಿಸ್ಕಂಡ್ ಬಂದ್ರಾ?”

ಮಾವ ನಗಲಿಲ್ಲ. ಮಾರನೆಯ ದಿನ ನನ್ನನ್ನು ಕರೆದು, “ಲೇ ಲಾಯ್ರಿ, ಜಿಪಿಎಸ್ಸು ಅಂತ ಒಂದು ಬತ್ತದಲ್ಲ, ಲಾರಿಗೆ ಆಗೋ ಅಂತದ್ದು — ಯಾವ್ದು ನಂಬೋವಂಗದೆ ನೋಡ್ಲಾ” ಅಂದರು. ಲಾಯರಿ ಎನ್ನುವುದು ನನಗೆ ಆರನೆಯ ತರಗತಿಯಲ್ಲಿ ಅವರು ಇಟ್ಟ ಹೆಸರು. ಈಗ ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಕಿರಿಯ ವಕೀಲನಾಗಿದ್ದೇನೆ — ಆ ಹೆಸರನ್ನು ನಿಜ ಮಾಡಲೆಂದೇ ಓದಿದೆನೇನೋ.

ಫೋನಿನಲ್ಲೇ ದಾರಿ ತೋರಿಸುತ್ತದಲ್ಲ ಎಂದು ನೀವು ಹೇಳಬಹುದು. ಅದೂ ಆಗಿತ್ತು. ಸರಿಯಾಗಿ ತಿರುವು ಬಂದಾಗಲೇ ಹುಲ್ಲು ಕೊಳ್ಳುವವರ ಕರೆ ಬರುತ್ತಿತ್ತು — “ಎಲ್ಲಿದ್ದೀಯಣ್ಣೋ?” ಕರೆ ಬಂದೊಡನೆ ನಕ್ಷೆ ಮಾಯ. ಎಲ್ಲಿದ್ದೇನೆಂದು ನೋಡಿ ಹೇಳೋಣವೆಂದರೆ ಆ ಪ್ರಶ್ನೆಯೇ ಉತ್ತರವನ್ನು ಮುಚ್ಚಿ ಕೂತಿರುತ್ತಿತ್ತು. ಬಿಸಿಲಿಗೆ ಫೋನು ಕಾದು ತಾನಾಗಿ ಆರಿಹೋಗುತ್ತಿತ್ತು. ನಾಗಮಂಗಲ ದಾಟಿದರೆ ಸಿಗ್ನಲ್ಲು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ನಾನು ಒಂದು ವಾರ ಕೂತು ವಿಚಾರಣೆ ನಡೆಸಿದೆ. ಆ ಒಂದು ವಾರ ನಾನು ಪ್ರಾಮಾಣಿಕನಾಗಿದ್ದೆ — ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ, ಆರೋಪ ಗಟ್ಟಿಯಾಗಲಿ ಎಂದು ಹೇಳುತ್ತಿದ್ದೇನೆ. ಮೈಸೂರಿನ ಅಂಗಡಿಗೆ ಮೂರು ಸಲ ಹೋದೆ. ನಕ್ಷೆ ಯಂತ್ರದೊಳಗೇ ಇರಬೇಕು, ಸಿಗ್ನಲ್ಲಿಗೆ ಕಾಯಬಾರದು. ಮಧ್ಯಾಹ್ನದ ಬಿಸಿಲಲ್ಲೂ ಪರದೆ ಕಾಣಬೇಕು. ಲಾರಿಯ ಬ್ಯಾಟರಿ ಕಾರಿನದಕ್ಕಿಂತ ಎರಡು ಪಟ್ಟು ಜೋರು, ಅದಕ್ಕೆ ಸಿಕ್ಕಿಸಿದರೆ ಸುಟ್ಟುಹೋಗಬಾರದು. ಹೀಗೆ ಸೋಸುತ್ತಾ ಹೋಗಿ ಎರಡು ಉಳಿದವು. ಒಂದು ಕಾರಿನವರಿಗೆ ಮಾಡಿದ್ದು, ಬೇರೆ ತಂತಿ ಹಾಕಿಸಿದರೆ ಲಾರಿಯಲ್ಲೂ ನಡೆಯುತ್ತದೆ. ದೊಡ್ಡ ಪರದೆ, ಅಚ್ಚ ಕನ್ನಡದಲ್ಲಿ ಮಾತಾಡುವ ಹೆಣ್ಣುದನಿ. ಇನ್ನೊಂದು ಲಾರಿಯವರಿಗೆಂದೇ ಮಾಡಿದ್ದು — ನೋಡಲು ಇಟ್ಟಿಗೆ, ಮಾತು ಇಂಗ್ಲಿಷು, ಅದೂ ಗಂಟಲು ಕಟ್ಟಿದ ಹಾಗೆ. ಆದರೆ ಅದನ್ನು ಚಾಲೂ ಮಾಡಿದೊಡನೆ ಮೊದಲು ಒಂದು ಪ್ರಶ್ನೆ ಕೇಳುತ್ತಿತ್ತು: ನಿಮ್ಮ ಗಾಡಿಯ ಎತ್ತರ ಎಷ್ಟು, ಅಗಲ ಎಷ್ಟು, ತೂಕ ಎಷ್ಟು? ಅದನ್ನು ತಿಳಿದುಕೊಂಡೇ ದಾರಿ ಹೇಳುತ್ತಿತ್ತು. ತಗ್ಗು ಸೇತುವೆ, ಕಿರಿದಾದ ಓಣಿ ಇದ್ದರೆ ಆ ಕಡೆ ಕರೆದುಕೊಂಡೇ ಹೋಗುತ್ತಿರಲಿಲ್ಲ.

ಇಟ್ಟಿಗೆಯೇ ಸರಿ. ಇದರಲ್ಲಿ ಸಂಶಯವಿರಲಿಲ್ಲ. ‘ಇಟ್ಟಿಗೆ’ ಎಂದು ನೋಟುಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಪುಟ ಇನ್ನೂ ನನ್ನ ಹತ್ತಿರ ಇದೆ.

ಸಂಜೆ ಎರಡರ ಚಿತ್ರಗಳನ್ನೂ ಹಿಡಿದು ಮಾವನ ಜಗಲಿಗೆ ಹೋದೆ. ಪೀಠಿಕೆ ಹಾಕಿ, ಯಾವುದು ಏನು ಮಾಡುತ್ತದೆಂದು ವಿವರಿಸಿದೆ. ಪೀಠಿಕೆ ಸ್ವಲ್ಪ ಉದ್ದವಾಯಿತು. ನಾನು ತೀರ್ಪಿನ ಹತ್ತಿರ ಬರುವಷ್ಟರಲ್ಲಿ, ಅವರೆಕಾಯಿ ಬಿಡಿಸುತ್ತಿದ್ದ ಜಯತ್ತೆ ತಲೆಯೆತ್ತದೆ ಹೇಳಿಬಿಟ್ಟರು:

“ಆ ಇಟ್ಗೆ ತರದ್ದೇ ತಗಳಿ. ಎಣ್ಣು ನೋಡಕ್ ಬಂದೋರೇ ಎತ್ರ ಕೇಳ್ತರೆ, ದಾರಿ ತೋರ್ಸೋನು ಕೇಳ್ಬ್ಯಾಡ್ವಾ?”

ಅಷ್ಟೇ. ನನ್ನ ಒಂದು ವಾರದ ವಿಚಾರಣೆ, ಮೂರು ಸಲದ ಮೈಸೂರು, ಎರಡು ಗೆರೆ — ಎಲ್ಲವನ್ನೂ ಒಂದು ಅವರೆಕಾಯಿ ಬಿಡಿಸುವಷ್ಟು ಹೊತ್ತಿನಲ್ಲಿ ಅತ್ತೆ ಮುಗಿಸಿದ್ದರು. ನಾನು ‘ಹೌದು ಅತ್ತೆ’ ಎನ್ನಬೇಕಿತ್ತು. ಎರಡೇ ಪದ. ಆದರೆ ‘ಹೌದು’ ಎಂಬುದಕ್ಕೆ ಬಹುಮಾನ ಕೊಟ್ಟದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಅತ್ತೆ ಪರದ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ನನಗೆ ಉಳಿದದ್ದು ವಿರೋಧದ ಕುರ್ಚಿ —

ಕೂತೆ.

“ಅತ್ತೆ, ಲಾರಿಯ ಎತ್ತರ ಮಾವನಿಗೆ ಗೊತ್ತಿಲ್ವಾ? ಗೊತ್ತಿರೋದನ್ನೇ ತಿರುಗಿ ಕೇಳೋ ಯಂತ್ರ ಜಾಣನೋ, ಗೊತ್ತಿಲ್ಲದ್ದನ್ನ ಹೇಳೋ ಯಂತ್ರ ಜಾಣನೋ?” ಅಂದೆ. ಇಪ್ಪತ್ತೈದು ವರ್ಷ ಲಾರಿ ಓಡಿಸಿದವರ ಹತ್ತಿರ ಒಂದು ಡಬ್ಬಿ ಬಂದು ಎತ್ತರ ಕೇಳುವುದು ಅವಮಾನವಲ್ಲವೇ ಅಂದೆ. ಕನ್ನಡದ ನೆಲದಲ್ಲಿ ಓಡುವ ಲಾರಿಗೆ ಇಂಗ್ಲಿಷಿನಲ್ಲಿ ದಾರಿ ಹೇಳಿಸುವುದು ಎಂಥ ನ್ಯಾಯ ಅಂದೆ. ನಾನು ಹೇಳುತ್ತಿದ್ದುದು ಪೊಳ್ಳೆಂದು ನನಗೆ ಗೊತ್ತಿತ್ತು. ಪೊಳ್ಳಾದಷ್ಟೂ ಅದನ್ನು ಎತ್ತಿ ನಿಲ್ಲಿಸುವುದರಲ್ಲಿ ಒಂದು ಸುಖವಿತ್ತು — ಆ ಸುಖವನ್ನು ಮುಚ್ಚಿಡುವುದಿಲ್ಲ.

ಜಯತ್ತೆ ಸಿಪ್ಪೆ ಕೊಡವಿಕೊಂಡು ಎದ್ದರು. “ಮಾತಲ್ ನೀನೇ ಗೆದ್ದೆ ಬುಡಪ್ಪ. ಲಾರಿ ಡೀಸಲ್ ಮ್ಯಾಲೆ ಓಡ್ತದೆ, ಮಾತಿನ್ ಮ್ಯಾಲಲ್ಲ.”

ಮಾವ ಇಬ್ಬರ ಮುಖವನ್ನೂ ನೋಡಿದರು. ಹೆಂಡತಿಯ ಮಾತು ಒಳಗೆ ಇಳಿದಿತ್ತು, ಓದಿದ ಅಳಿಯನ ಮಾತು ಮೇಲೆ ತೇಲುತ್ತಿತ್ತು. ಕೊನೆಗೆ, “ಮಂಗಳವಾರ ಅಮ್ಮುನ್ನೇ ಕೇಳ್ಬುಡವ” ಅಂದರು.

ನಮ್ಮೂರಲ್ಲಿ ಹಾಗೆಯೇ. ಹೆಣ್ಣು ಕೊಡುವುದು, ಬೋರು ಕೊರೆಸುವುದು, ಹಸು ಕೊಳ್ಳುವುದು — ಏನೇ ತೀರ್ಮಾನವಾಗದಿದ್ದರೂ ಮಾರಮ್ಮನ ಹತ್ತಿರ ಹೂವು ಕೇಳುತ್ತಾರೆ. ಪೂಜಾರಿ ಕೆಂಪಯ್ಯ ದಾಸವಾಳದ ಎರಡು ಎಸಳನ್ನು ನೀರಲ್ಲದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾನೆ. ಯಾವ ಕಡೆಯದು ಮೊದಲು ಬಿದ್ದರೆ ಅದು ಅಮ್ಮನ ಮಾತು. ಇದನ್ನು ನಾನು ಹದಿನಾರನೆಯ ವಯಸ್ಸಿನಿಂದ ಹಂಗಿಸುತ್ತಾ ಬಂದವನು. ನೀರು ಆರುತ್ತದೆ, ಎಸಳು ಜಾರುತ್ತದೆ, ಇದರಲ್ಲಿ ದೇವರಿಗೇನು ಕೆಲಸ ಎಂದು ಕೆಂಪಯ್ಯನ ಎದುರಿಗೇ ಕೇಳಿದ್ದೆ. ಅವನು, “ನೀರು ಯಾವ್ ಕಡೆ ಮೊದ್ಲು ಆರ್ತದೆ, ನೀನೇ ಯೋಳು ನೋಡವ” ಅಂದಿದ್ದ. ಅವತ್ತಿನಿಂದ ಅವನ ಮೇಲೆ ನನಗೆ ಒಂದು ಬಾಕಿ ಸಿಟ್ಟು.

ಮಂಗಳವಾರ ಬೆಳಿಗ್ಗೆ ಮಾವ ಸ್ಪಷ್ಟವಾಗಿ ಕೇಳಿದರು: “ತಾಯಿ, ಬಲಕ್ಕೆ ಕೊಟ್ರೆ ಲಾಯ್ರಿ ಯೋಳುದ್ದು, ಎಡಕ್ಕೆ ಕೊಟ್ರೆ ಇವ್ಳು ಯೋಳುದ್ದು.” ಎಸಳು ಅಂಟಿಸಿ ಕೆಂಪಯ್ಯ ಕರ್ಪೂರ ತರಲು ಹೊರಗೆ ಹೋದ. ಮಾವ, ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಗುಡಿ ಎಷ್ಟು ಪುಟ್ಟದೆಂದರೆ ಹೊಸಿಲಾಚೆ ನಿಂತು ಕೈ ಚಾಚಿದರೆ ಅಮ್ಮನ ಭುಜ ಸಿಗುತ್ತದೆ. ಹೊಸಿಲ ಮೇಲೆ ಗಂಧದ ಬಟ್ಟಲಿತ್ತು. ನೋಡಿದೆ — ಎಡಗಡೆಯ ಎಸಳಿನ ಅಂಚು ಆಗಲೇ ಏಳುತ್ತಿತ್ತು.

ದೇವರನ್ನು ನಂಬದವನಿಗೆ ಅದು ಬರೀ ಎಸಳು. ಬಿದ್ದರೆ ಬೀಳಲಿ ಎನ್ನಬೇಕಿತ್ತು. ಅಲ್ಲದೆ, ಬಿದ್ದರೆ ಮನೆಗೆ ಬರುವುದು ಸರಿಯಾದ ಯಂತ್ರವೇ — ಅದೂ ನನಗೆ ಗೊತ್ತಿತ್ತು. ಅಮ್ಮನೂ ಅತ್ತೆಯ ಕಡೆ ಸೇರಿಬಿಡುತ್ತಾಳಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಬೆರಳಿಗೆ ಗಂಧ ತೆಗೆದುಕೊಂಡೆ, ಎಸಳಿನಡಿ ಮೆತ್ತಿದೆ, ಒತ್ತಿದೆ. ಕೈ ಹಿಂದಕ್ಕೆ ಎಳೆದುಕೊಳ್ಳುವುದಕ್ಕೂ ಜಯತ್ತೆ ಕಣ್ಣು ಬಿಡುವುದಕ್ಕೂ ಸರಿಹೋಯಿತು. ನನ್ನ ಬೆರಳಲ್ಲಿ ಗಂಧ. ಒರೆಸಿಕೊಳ್ಳಲು ಜಾಗವಿಲ್ಲ. ಬೇರೆ ದಾರಿ ಕಾಣದೆ ಹಣೆಗೆ ಹಚ್ಚಿಕೊಂಡೆ.

“ಅಯ್ಯೋ, ನೋಡ್ರೀ ಇಲ್ಲಿ!” ಅತ್ತೆ ಗಂಡನ ತೋಳು ಹಿಡಿದು ಅಲುಗಾಡಿಸಿದರು. “ನಮ್ ಲಾಯ್ರಿ ಗಂಧ ಇಟ್ಕಂಡವ್ನೆ!” ಹದಿನಾರನೆಯ ವಯಸ್ಸಿನಿಂದ ಬೋಳು ಹಣೆಯಲ್ಲಿ ತಿರುಗಿದವನ ಹಣೆಯಲ್ಲಿ ಗಂಧ ನೋಡಿ ಮಾವನ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಬಲಗಡೆಯ ಎಸಳು ಬಿತ್ತು.

ಎಡಗಡೆಯದು ಆ ದಿನವೂ ಬೀಳಲಿಲ್ಲ, ಮಾರನೆಯ ದಿನವೂ ಬೀಳಲಿಲ್ಲ. ಕೆಂಪಯ್ಯ ಊರಿಗೆಲ್ಲ ಸಾರಿದ. ಒಣಗಿ ಕಪ್ಪಾಗಿ ಭುಜಕ್ಕೆ ಕಚ್ಚಿಕೊಂಡಿದ್ದ ಎಸಳನ್ನು ನೋಡಲು ಪಕ್ಕದೂರಿಂದಲೂ ಜನ ಬಂದರು. ಇಟ್ಟಿಗೆ ಯಂತ್ರವನ್ನು ಅಮ್ಮ ಇಷ್ಟು ಖಂಡಿತವಾಗಿ ಬೇಡವೆಂದಿರುವುದಕ್ಕೆ ಅದರಲ್ಲಿ ಏನೋ ದೋಷವಿರಬೇಕೆಂದು ಮಾತಾಯಿತು. ಜಯತ್ತೆ ಕೆನ್ನೆ ಬಡಿದುಕೊಂಡು, “ತಪ್ಪಾಯ್ತು ಕಣವ್ವ” ಅಂದರು — ಸರಿ ಹೇಳಿದ್ದಕ್ಕೆ. ನಾನು ಪಕ್ಕದಲ್ಲಿ ನಿಂತಿದ್ದೆ.

ಕನ್ನಡದ ಯಂತ್ರ ಬಂತು. ಅತ್ತೆ ಅದಕ್ಕೆ ಅಮ್ಮಣ್ಣಿ ಎಂದು ಹೆಸರಿಟ್ಟು, ಪರದೆಯ ನಟ್ಟನಡುವೆ ಕುಂಕುಮ ಇಟ್ಟರು. ನಮ್ಮ ಲಾರಿ ಎಲ್ಲಿದೆ ಎಂದು ತೋರಿಸುವ ಬಾಣ ಇರುವುದು ಸರಿಯಾಗಿ ಅಲ್ಲಿಯೇ. ಅಲ್ಲಿಂದ ಮುಂದೆ ಸುತ್ತಲಿನ ದಾರಿಗಳೆಲ್ಲ ಕಾಣುತ್ತಿದ್ದವು, ನಾವು ಮಾತ್ರ ಕಾಣುತ್ತಿರಲಿಲ್ಲ. ಒರೆಸೋಣವೆಂದರೆ ಮಾವ ಬಿಡಲಿಲ್ಲ. ಹಣೆಗೆ ಗಂಧ ಇಟ್ಟುಕೊಂಡವನು ಒರೆಸು ಎಂದು ಹೇಳುವುದಾದರೂ ಹೇಗೆ? ಹೌದು — ಗಂಧ ನನ್ನ ಹಣೆಯಿಂದ ಇಳಿಯಲಿಲ್ಲ. ಇಳಿಸಿದರೆ ಯಾಕೆಂದು ಕೇಳುತ್ತಾರೆಂಬ ಭಯಕ್ಕೆ, ಮಾವನ ಮನೆಗೆ ಹೋಗುವಾಗಲೆಲ್ಲ ಬೈಕು ನಿಲ್ಲಿಸಿ ಕನ್ನಡಿ ನೋಡಿಕೊಂಡು ಗಂಧ ಇಟ್ಟುಕೊಳ್ಳುತ್ತಿದ್ದೆ. ನನ್ನಂಥ ನಾಸ್ತಿಕ ನಮ್ಮ ಹೋಬಳಿಯಲ್ಲಿ ಇನ್ನೊಬ್ಬನಿರಲಿಲ್ಲ, ನನ್ನಷ್ಟು ನೇಮದ ಭಕ್ತನೂ ಇರಲಿಲ್ಲ.

ನಾಲ್ಕು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಆ ದಿನ.

ಸಂತೆಬಾಚಹಳ್ಳಿಗೆ ಲೋಡು. ನಾನೂ ಮಾವನ ಪಕ್ಕ ಕೂತಿದ್ದೆ. ಕವೆಗೋಲಿನವನನ್ನು ಅಂದು ಬೇಡವೆಂದು ಬಿಟ್ಟು ಬಂದಿದ್ದೆವು — ‘ಯಂತ್ರವಿರುವಾಗ ಕೋಲೇಕೆ’ ಎಂಬ ವಿಷಯದ ಮೇಲೆ ಹಿಂದಿನ ದಿನ ನಾನು ಮಾತಾಡಿದ್ದೆ. ಒಂದು ಕವಲಲ್ಲಿ ಅಮ್ಮಣ್ಣಿ ಎಡಕ್ಕೆ ಎಂದಳು. ಮಾವನ ಕೈ ಸ್ಟೇರಿಂಗನ್ನು ಬಲಕ್ಕೆ ಎಳೆಯುತ್ತಿತ್ತು. ನಾನು ಕಣ್ಣಾರೆ ಕಂಡೆ. ಅರ್ಧ ಎಳೆದ ಕೈ ತಡೆದು, ಯಂತ್ರದ ಕಡೆ ನೋಡಿ, ಎಡಕ್ಕೆ ತಿರುಗಿಸಿದರು. ಸ್ವಲ್ಪ ದೂರ ಹೋಗಿ ಒಂದು ತಿರುವು ಕಳೆದರೆ ಎದುರಿಗೆ ರೈಲು ಹಳಿಯ ಕೆಳಗಿನ ತಗ್ಗು ದಾರಿ. ಯಾವ ಊರಿನದೆಂದು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನಗುತ್ತಾರೆ.

ಮಾವ ಲಾರಿ ನಿಲ್ಲಿಸಿ ಇಳಿದರು. ಸೇತುವೆ ನೋಡಿದರು, ಲೋಡು ನೋಡಿದರು. “ಸಾಲ್ದು ಕಣ್ಲಾ” ಅಂದರು. ಹಿಂದೆ ಒಂದು ಟ್ರಾಕ್ಟರು ಬಂದು ಹಾರ್ನು ಹೊಡೆಯುತ್ತಿತ್ತು. ಒಳಗಿಂದ ಅಮ್ಮಣ್ಣಿ, “ನೇರವಾಗಿ ಮುಂದುವರಿಯಿರಿ” ಎನ್ನುತ್ತಿದ್ದಳು. ಮಾವ ಲಾರಿಯನ್ನು ಹಿಂದಕ್ಕೆ ತೆಗೆಯುವ ಮನಸ್ಸಿನಲ್ಲಿದ್ದರು. ಆಗ ನಾನು ಹೇಳಿದ ಮಾತು — ಅದನ್ನು ಇದ್ದ ಹಾಗೇ ಬರೆಯುತ್ತೇನೆ:

“ಅಮ್ಮ ಕೊಟ್ಟಿದ್ದು ತಪ್ಪು ದಾರಿ ತೋರಿಸ್ತದಾ ಮಾವ?”

ಅಮ್ಮ ಕೊಟ್ಟಿರಲಿಲ್ಲ. ಕೊಡದಂತೆ ತಡೆದವನು ನಾನು. ನಂಬದ ದೇವರ ಹೆಸರಲ್ಲಿ, ನಾನೇ ಸೃಷ್ಟಿಸಿದ ಸುಳ್ಳು ಸಾಕ್ಷಿಯನ್ನು, ನಂಬುವ ಮನುಷ್ಯನ ಮುಂದೆ ಹಾಜರುಪಡಿಸಿದೆ. ಇದು ಗಂಧ ಮೆತ್ತಿದ್ದಕ್ಕಿಂತ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ. ಗಂಧ ಮೆತ್ತಿದಾಗ ಬುದ್ಧಿ ಕೆಟ್ಟಿತ್ತು ಎನ್ನಬಹುದು. ಇಲ್ಲಿ ಬುದ್ಧಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಮಾವ ಮತ್ತೆ ಹತ್ತಿ ಕೂತರು.

ಹುಲ್ಲಿನ ಗುಣ ನಿಮಗೆ ಗೊತ್ತಿರಬೇಕು. ಒಳಗೆ ಹೋಗುವವರೆಗೆ ಬಗ್ಗುತ್ತದೆ, ಒಳಗೆ ಹೋದ ಮೇಲೆ ಉಬ್ಬುತ್ತದೆ. ಅರ್ಧ ಲಾರಿ ಹೋಯಿತು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ — ಬಾಟಲಿಯ ಬಾಯಿಗೆ ಬಿರಡೆ ಜಡಿದ ಹಾಗೆ. ಚಕ್ರಗಳ ಗಾಳಿ ಇಳಿಸಿದೆವು. ಲಾರಿ ನಾಲ್ಕು ಬೆರಳು ಕೆಳಗಿಳಿಯಿತು, ಹುಲ್ಲು ನಾಲ್ಕು ಬೆರಳು ಮೇಲೆದ್ದಿತು. ಎರಡೂ ಕಡೆಯಿಂದ ಕೈಯಿಂದ ಕಿತ್ತು ತೆಗೆಯುವುದೇ ಉಳಿದದ್ದು. ಊರಿಗೆ ಸುದ್ದಿ ಹೋಯಿತು, ಜನಕ್ಕಿಂತ ಮೊದಲು ದನ ಬಂದವು. ಆ ಕಡೆಯಿಂದ ಹಸುಗಳು, ಈ ಕಡೆಯಿಂದ ಮೇಕೆಗಳು, ನಡುವೆ ನಾವು. ಒಬ್ಬ ಅಜ್ಜಿ ಎರಡು ಎಮ್ಮೆ ಹೊಡೆದುಕೊಂಡು ಬಂದು ಸಾವಧಾನವಾಗಿ ಮೇಯಿಸಿ, ಹೋಗುವಾಗ ಮಾವನ ತಲೆ ಸವರಿ, “ದಿನಾ ಇಂಗೇ ಬಂದ್ಬುಡು ಮಗ” ಅಂದಳು. ಒಳಗಿಂದ ಅಮ್ಮಣ್ಣಿ, “ನೇರವಾಗಿ ಮುಂದುವರಿಯಿರಿ” ಎನ್ನುತ್ತಲೇ ಇದ್ದಳು.

ನಾನು ಆಗಲೇ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಸೇತುವೆಯ ಗೋಡೆಗೆ ಒರಗಿ ಕೂತಿದ್ದ ಮಾವ, ತಲೆಗೂದಲಿನಿಂದ ಹುಲ್ಲು ತೆಗೆಯುತ್ತಾ ಮೆಲ್ಲಗೆ ಹೇಳಿದರು:

“ತಪ್ಪು ಅಮ್ಮಣ್ಣೀದಲ್ಲ ಕಣ್ಲಾ. ಕವಲಲ್ಲಿ ನನ್ ಕೈ ಬಲಕ್ಕೋಯ್ತು ನೋಡು, ಆಮೇಲೆ ಇಲ್ಲಿ ಇಳ್ದು ನೋಡ್ದೆ ನೋಡು — ಎರಡ್ ಸಲ ಅನುಮಾನ ಪಟ್ಟೆ. ಅದ್ಕೇ ಅಮ್ಮ ಅಡ್ಡ ಆಕುದ್ಲು. ನನ್ ಕೈಯ ಇನ್ ನಂಬಾಕಿಲ್ಲ.”

ಬಾಯಿ ಮುಚ್ಚಿದೆ. ಮೂರು ವರ್ಷ ಮುಚ್ಚಿಕೊಂಡೇ ಇದ್ದೆ.

ಆ ಮೂರು ವರ್ಷ ನಾಲ್ಕು ತಾಲ್ಲೂಕುಗಳ ದಾರಿಯನ್ನೆಲ್ಲ ಬಲ್ಲ ಮನುಷ್ಯ ಒಂದು ಕಾರಿನ ಯಂತ್ರ ಹೇಳಿದ ಹಾಗೆ ಕೇಳಿದರು. ಅಮ್ಮಣ್ಣಿ ಹೇಳದೆ ಒಂದು ಗಲ್ಲಿಗೂ ತಿರುಗಲಿಲ್ಲ. ತಮ್ಮದೇ ಗದ್ದೆಗೆ ಹೋಗುವಾಗಲೂ ಅದನ್ನು ಚಾಲೂ ಮಾಡಿಕೊಳ್ಳುತ್ತಿದ್ದರು. ಬೆಳ್ಳೂರು ಕ್ರಾಸಿನಲ್ಲಿ ಒಂದು ದಿನ ಅದು ‘ಹಿಂದಿರುಗಿ’ ಎನ್ನುತ್ತಲೇ ಹೋಯಿತು, ಮಾವ ತಿರುಗಿಸುತ್ತಲೇ ಹೋದರು. ಮೂರನೆಯ ಸುತ್ತಿಗೆ ಟೀ ಅಂಗಡಿಯವನು ರಸ್ತೆ ಬದಿಗೇ ಲೋಟ ಹಿಡಿದು ನಿಂತಿದ್ದನಂತೆ. ಗೋವಿಂದನಹಳ್ಳಿಯ ಮದುವೆಗೆ ಹೊರಟು ಒಂದು ರಾಗಿ ಹೊಲದ ನಡುವೆ ‘ನೀವು ತಲುಪಬೇಕಾದ ಸ್ಥಳ ಬಂದಿದೆ’ ಎನ್ನಿಸಿಕೊಂಡು, ಇಳಿದು, ರೇಷ್ಮೆ ಪಂಚೆಯಲ್ಲಿ ಸ್ವಲ್ಪ ಹೊತ್ತು ನಿಂತರಂತೆ. ಪಂಚಲಿಂಗೇಶ್ವರನ ಗುಡಿ ಅಲ್ಲಿಂದ ಕಣ್ಣಿಗೆ ಕಾಣುತ್ತಿತ್ತು. ಓಲಗವೂ ಕೇಳುತ್ತಿತ್ತು. ಅತ್ತೆಯೇ ಕೈ ಹಿಡಿದು ಕರೆದುಕೊಂಡು ಹೋದದ್ದು. ಇದನ್ನೆಲ್ಲ ಊರಿನವರು ಹೇಳಿಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ — ಎಲ್ಲರಿಗಿಂತ ಸ್ವಲ್ಪ ಜೋರಾಗಿ. ಆದರೆ ಬೇರೆ ಲಾರಿಯವರು ಬಂದು ದಾರಿ ಕೇಳಿದರೆ ಮಾವ, “ನಂಗೆಲ್ ಗೊತ್ತಪ್ಪ” ಎನ್ನತೊಡಗಿದ್ದರು. ಆ ಮಾತಿಗೆ ನಗು ಬರುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಅಮ್ಮಣ್ಣಿ ಕೆಟ್ಟಳು. ಮತ್ತೆ ಎರಡು ಯಂತ್ರ, ಮತ್ತೆ ಮಂಗಳವಾರ. ಮಾವ ಕೆಂಪಯ್ಯನಿಗೆ ಮೊದಲೇ ಹೇಳಿಟ್ಟಿದ್ದರು: “ಈ ಸಲ ಊವು ನಮ್ ಲಾಯ್ರಿ ಕೈಲೇ ಇಡ್ಸವ. ಅಮ್ಮ ಅವತ್ತು ಅವನ್ನ ದಾರೀಗ್ ತಂದವ್ಳೆ.” ಗುಡಿಯಲ್ಲಿ ಜಯತ್ತೆ ಎಸಳಿನ ತಟ್ಟೆ ನನ್ನ ಕೈಗೆ ಕೊಟ್ಟರು. ತಟ್ಟೆಯಲ್ಲಿ ಎಸಳಿನ ಪಕ್ಕ ಅದೇ ಗಂಧದ ಬಟ್ಟಲು.

ನಾನು ಪೀಠಿಕೆ ಸಿದ್ಧಪಡಿಸಿಕೊಂಡಿದ್ದೆ. ಅದು ಬರಲಿಲ್ಲ.

“ಮಾವ, ಅವತ್ತು ಎಡಗಡೆ ಹೂವಿಗೆ ಗಂಧ ಅಂಟಿಸಿದ್ದು ನಾನು. ಅತ್ತೆ ಹೇಳಿದ್ದೇ ಸರಿ ಅಂತ ನನಗೆ ಮೊದಲೇ ಗೊತ್ತಿತ್ತು.”

ಮೊದಲು ಮಾತಾಡಿದವನು ಕೆಂಪಯ್ಯ. “ಎರಡ್ ದಿನ ಬೀಳ್ನಿಲ್ವಲ್ಲೋ!” ಅಂದ, ಅಳುವವನ ಹಾಗೆ. ಮೂರು ವರ್ಷದಿಂದ ಬಂದವರಿಗೆಲ್ಲ ಆ ಕಥೆ ಹೇಳಿಕೊಂಡಿದ್ದವನು. ಜಯತ್ತೆ, “ಅಂಗಾರೆ ನಾನ್ ಕೆನ್ನೆ ಬಡ್ಕಂಡಿದ್ದು?” ಅಂದವರು ನನ್ನ ಕಡೆ ನೋಡಿದರು.

ಮಾವ ಬೈಯುತ್ತಾರೆಂದು ಕಾದೆ. ಹೊಡೆದರೂ ಆಗಲೆಂದು ಕಾದೆ. ಅವರು ಕೇಳಿದ್ದು ಒಂದೇ:

“ಆ ಕವಲಲ್ಲಿ... ನನ್ ಕೈ ಬಲಕ್ ಒಂಟಿತ್ತಲ್ಲ. ಬಲಕ್ಕೋಗಿದ್ರೆ?”

“ಸರಿಯಾದ ದಾರಿ ಮಾವ. ಎಲ್ಲೂ ತಗ್ಗಿರಲಿಲ್ಲ. ಆಮೇಲೆ ಬೈಕಿನಲ್ಲಿ ಹೋಗಿ ನೋಡ್ಕಂಡು ಬಂದಿದ್ದೆ.”

ಅವರು ತಮ್ಮ ಬಲಗೈ ಎತ್ತಿ ನೋಡಿಕೊಂಡರು. ಅಂಗೈ ನೋಡಿದರು, ತಿರುಗಿಸಿ ಹಿಂಗೈ ನೋಡಿದರು — ಎಲ್ಲೋ ಕಳೆದದ್ದು ಸಿಕ್ಕಿದಾಗ ಇದೇನಾ ಎಂದು ನೋಡುವ ಹಾಗೆ. ಆಮೇಲೆ ತಟ್ಟೆಯಲ್ಲಿದ್ದ ಎಸಳುಗಳನ್ನು ಅಮ್ಮನ ಪಾದಕ್ಕೆ ಹಾಕಿ, ಏನನ್ನೂ ಕೇಳದೆ, ಹೊರಟುಹೋದರು.

ಈ ಸಲ ಇಟ್ಟಿಗೆಯೇ ಬಂತು. ಅದು ಎತ್ತರ ಕೇಳಿದಾಗ ಉತ್ತರ ಕೊಟ್ಟವರು ಜಯತ್ತೆ, ಪೂರ್ತಿ ಲೋಡಿನ ಪಕ್ಕ ಬಿದಿರು ಗಳ ನಿಲ್ಲಿಸಿ ಅಳೆದು. ಮಾವ ಅದರ ಮಾತು ಕೇಳುತ್ತಾರೆ. ಆದರೆ ಕೈ ಬೇರೆ ಕಡೆ ಹೋದರೆ ಲಾರಿ ನಿಲ್ಲಿಸಿ, ಇಳಿದು, ನೋಡಿಕೊಂಡು ಬರುತ್ತಾರೆ. ಹೆಚ್ಚಿನ ಸಲ ಗೆಲ್ಲುವುದು ಕೈಯೇ ಎಂದು ಅತ್ತೆ ಹೇಳಿದರು. ಲಾರಿಯವರು ಮತ್ತೆ ದಾರಿ ಕೇಳಲು ಬರುತ್ತಿದ್ದಾರೆ.

ನನ್ನ ಜೊತೆ ಮಾವ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಈಗ ಜಗಲಿಗೆ ಹೋದರೆ, “ಬನ್ನಿ ಲಾಯರ್ರೆ, ಕೂತ್ಕಳಿ” ಎನ್ನುತ್ತಾರೆ. ಅತ್ತೆಯನ್ನು ಕರೆದು ಕುರ್ಚಿ ಹಾಕಿಸುತ್ತಾರೆ. ಕೋರ್ಟಿನಲ್ಲಿ ನನಗೆ ಇಷ್ಟು ಮರ್ಯಾದೆ ಕೊಟ್ಟವರಿಲ್ಲ. ಲೇ ಇಲ್ಲ, ಲಾ ಇಲ್ಲ. ಆರನೆಯ ತರಗತಿಯಿಂದ ನನ್ನ ಬೆನ್ನ ಮೇಲಿದ್ದ ಒಂದು ಕೈಯನ್ನು ತೆಗೆದುಕೊಂಡ ಹಾಗೆ. ಇದಕ್ಕೆ ನನ್ನ ಹತ್ತಿರ ಒಳ್ಳೊಳ್ಳೆಯ ವಾದಗಳಿವೆ — ವಯಸ್ಸು ಚಿಕ್ಕದಿತ್ತು, ಕೊನೆಗೆ ನಾನಾಗಿಯೇ ಹೇಳಿದೆ, ಯಾರಿಗೂ ಗಾಯವಾಗಲಿಲ್ಲ... ಒಂದನ್ನೂ ಮಂಡಿಸುವುದಿಲ್ಲ.

ಭಾನುವಾರಗಳಲ್ಲಿ ಕೋರ್ಟಿಗೆ ರಜೆ. ಹಣೆಗೆ ಏನೂ ಇಟ್ಟುಕೊಳ್ಳದೆ ಹೋಗಿ ಹುಲ್ಲಿನ ಲೋಡು ಹತ್ತುತ್ತೇನೆ. ಕವೆಗೋಲು ಹಿಡಿದು ನೆತ್ತಿಯ ಮೇಲೆ ಕೂರುತ್ತೇನೆ. ಬೇಡವೆಂದು ಮಾವ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಹೋದ ವಾರ ನಾಗಮಂಗಲ ದಾಟಿದ ಮೇಲೆ ಒಂದು ಹಳ್ಳಿಯ ನಡುವೆ ಕೆಳಗಿನಿಂದ ಮಾವನ ಕೂಗು ಕೇಳಿಸಿತು: “ಮ್ಯಾಲೆ ಕೂತಿರೋರು, ತಂತಿ ಬತ್ತಾ ಅದೆ — ಬಗ್ಗಿ!”

ಬಗ್ಗಿದೆ.